ಜೆಸಿಬಿ ಕರೆಸುವ ಮುಂಚೆ

ಹಾವೇರಿಯ ಪುರಸಿದ್ಧೇಶ್ವರ ಗುಡಿಯ ಆಸುಪಾಸಿನಲ್ಲಿ ಅಜ್ಜನ ಕಾಲದ ಮನೆ ಇಟ್ಟುಕೊಂಡವರು, ಪ್ರತಿ ಮಳೆಗಾಲ ಸೋರುವ ಮಾಳಿಗೆ ನೋಡಿ ಸಾಕಾಗಿ, ಈ ಬೇಸಿಗೆಗೆ ಕೆಡವಿ ಹೊಸದು ಕಟ್ಟೋಣ ಎಂದು ನಿರ್ಧರಿಸಿದ್ದರೆ ಅವರಿಗೆ ತುರ್ತಾಗಿ ಹೇಳಬೇಕಾದ ಮಾತೊಂದಿದೆ. ಗುಡಿಯ ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಆ ಮನೆ ಇದ್ದರೆ, ಕೆಡವಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಮನೆ ಕಟ್ಟಲು ಕಾನೂನು ಬಿಡುವುದಿಲ್ಲ. ರಿಪೇರಿಗೆ ಅವಕಾಶವಿದೆ, ನವೀಕರಣಕ್ಕೂ ಇದೆ. ಕೆಡವಿ ಕಟ್ಟುವುದಕ್ಕೆ ಇಲ್ಲ. ಜೆಸಿಬಿ ಒಂದು ಮುಂಜಾನೆಯಲ್ಲಿ ಮುಗಿಸಿಬಿಡುವ ಕೆಲಸದಿಂದ ಒಂದು ಕುಟುಂಬ ತನ್ನ ಸ್ವಂತ ಜಾಗದಲ್ಲಿ ಮನೆ ಹೊಂದುವ ಹಕ್ಕನ್ನೇ ಕಳೆದುಕೊಳ್ಳಬಹುದು.

ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದಕ್ಕಿಂತ ಸಣ್ಣದು. ಕೆಡವಿದ ಮಣ್ಣು ಸಾಗಿಸಲು ಟ್ರ್ಯಾಕ್ಟರ್ ಬಾಡಿಗೆಗೆ ತರುತ್ತೇವೆ, ನಾಲ್ಕು ದಿನ ಟ್ರೇಲರ್ ಓಣಿಯಲ್ಲಿ ನಿಲ್ಲಿಸಬೇಕು, ಅದಕ್ಕೆ ಪರ್ಮಿಷನ್ ಬೇಕೇ ಎನ್ನುತ್ತಾರೆ. ಬೇಕು. ಆದರೆ ಆ ಟ್ರೇಲರಿನ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಮೂರು ಬೇರೆ ಬೇರೆ ಬಾಗಿಲು ತಟ್ಟಬೇಕಾಗುತ್ತದೆ. ಕೆಡವುವ ಜಾಗಕ್ಕೆ ಒಂದು ಕಾನೂನು, ಟ್ರೇಲರ್ ನಿಲ್ಲುವ ರಸ್ತೆಗೆ ಇನ್ನೊಂದು, ಮಣ್ಣು ಸುರಿಯುವ ಜಾಗಕ್ಕೆ ಮತ್ತೊಂದು. ನಮ್ಮ ಜಿಲ್ಲೆಯಲ್ಲಿ ಹೆಚ್ಚಿನವರು ಈ ಮೂರನ್ನೂ ತಲೆಕೆಳಗಾಗಿ ಮಾಡುತ್ತಾರೆ. ಮೊದಲು ಗಾಡಿ ಗೊತ್ತು ಮಾಡುವುದು, ಆಮೇಲೆ ಕೆಡವುವುದು, ನೋಟಿಸ್ ಬಂದ ಮೇಲೆ ಕಚೇರಿಗೆ ಓಡುವುದು.

ಗುಡಿಯ ಕಾನೂನಿನಿಂದ ಶುರು ಮಾಡೋಣ, ಏಕೆಂದರೆ ಅದರಲ್ಲಿ ಎಡವಿದರೆ ಏಳುವುದು ಕಷ್ಟ. ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆ 1958ರದ್ದು. 1992ರ ಜೂನ್ 16ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಗೆರೆ ಎಳೆಯಿತು. 2010ರ ತಿದ್ದುಪಡಿ ಆ ಗೆರೆಯನ್ನು ಕಾಯ್ದೆಯೊಳಗೇ ಸೇರಿಸಿತು, ಶಿಕ್ಷೆಯನ್ನೂ ಬಿಗಿ ಮಾಡಿತು. ಈಗ ಅನುಮತಿ ಇಲ್ಲದೆ ಈ ಎರಡರಲ್ಲಿ ಯಾವ ವಲಯದಲ್ಲಿ ಕಟ್ಟಿದರೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕಾಯ್ದೆಯಲ್ಲಿ ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಲಾಗಿದೆ. ಹೊಸದಾಗಿ ಕಟ್ಟುವುದು, ಅಂದರೆ ಇರುವ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸುವುದೂ ಪಕ್ಕಕ್ಕೆ ಒಂದು ಕೋಣೆ ಹಿಗ್ಗಿಸುವುದೂ ಸೇರಿ, ನಿರ್ಮಾಣ. ಇದ್ದ ಮನೆಯನ್ನು ತೆಗೆದು ಅದೇ ಉದ್ದಗಲ, ಅದೇ ಎತ್ತರಕ್ಕೆ ಮತ್ತೆ ಎಬ್ಬಿಸುವುದು ಪುನರ್ ನಿರ್ಮಾಣ. ಇದ್ದ ಮನೆಯನ್ನು ಇದ್ದಂತೆಯೇ ಇಟ್ಟು ಸರಿಪಡಿಸುವುದು ದುರಸ್ತಿ ಮತ್ತು ನವೀಕರಣ. 100ರಿಂದ 300 ಮೀಟರ್ ನಡುವಿನ ವಲಯದಲ್ಲಿ ಅನುಮತಿ ಪಡೆದು ಈ ಮೂರನ್ನೂ ಮಾಡಬಹುದು. 100 ಮೀಟರ್ ಒಳಗೆ ಮಾತ್ರ ಮೂರನೆಯದೊಂದಕ್ಕೇ ಅರ್ಜಿ ಹಾಕಲು ಸಾಧ್ಯ. ಅದೂ ಆ ಮನೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದಿರಬೇಕು, ಇಲ್ಲವೇ ಆಮೇಲೆ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆಯಿಂದ ಕಟ್ಟಿದ್ದಾಗಿರಬೇಕು. ಹಾಗಾಗಿ ಗೋಡೆ ಬಿರುಕು ಬಿಟ್ಟಿದೆ, ತೊಲೆ ಗೆದ್ದಲು ಹಿಡಿದಿದೆ ಎಂದು ಮನೆಯನ್ನು ನೆಲಸಮ ಮಾಡಿದವರು ದುರಸ್ತಿಯ ಅರ್ಜಿ ಹಾಕಲು ಹೋದರೆ, ದುರಸ್ತಿ ಮಾಡಲು ಅಲ್ಲಿ ಮನೆಯೇ ಉಳಿದಿರುವುದಿಲ್ಲ. ಹಳೆಯ ಮನೆ ನಿಂತಿದೆ ಎಂಬುದೇ ಅವರ ದೊಡ್ಡ ದಾಖಲೆ. ಮನೆಯ ನಾಲ್ಕೂ ಕಡೆಯ ಫೋಟೊ, 1992ಕ್ಕಿಂತ ಹಿಂದಿನ ಕರ ಕಟ್ಟಿದ ರಸೀದಿ, ಉತಾರ, ಇವನ್ನೆಲ್ಲ ಗೋಡೆಗೆ ಸುತ್ತಿಗೆ ತಾಗುವ ಮುಂಚೆಯೇ ಕೂಡಿಟ್ಟುಕೊಳ್ಳಬೇಕು.

ಅಳತೆಯ ವಿಷಯದಲ್ಲೂ ಎಡವುವವರು ಬಹಳ. ನೂರು ಮೀಟರ್ ಎಂದರೆ ಶಿಖರದಿಂದಲೋ ಗರ್ಭಗುಡಿಯಿಂದಲೋ ಹಿಡಿಯುವ ಲೆಕ್ಕವಲ್ಲ. ಸಂರಕ್ಷಿತ ಪ್ರದೇಶ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಎಲ್ಲ ದಿಕ್ಕಿಗೂ ನೂರು ಮೀಟರ್. ಕಣ್ಣಿಗೆ ಕಾಣುವ ತಂತಿಬೇಲಿಯೂ ದಾಖಲೆಯಲ್ಲಿರುವ ಗಡಿಯೂ ಒಂದೇ ಎಂದು ನಂಬಿ ಟೇಪು ಹಿಡಿಯಬಾರದು. ನಮ್ಮ ಜಿಲ್ಲೆಯ ಕೇಂದ್ರ ಸಂರಕ್ಷಿತ ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತಕ್ಕೆ ಸೇರಿವೆ. ಗಡಿ ಯಾವುದೆಂಬುದನ್ನು ಅಲ್ಲಿಂದ ಬರಹದಲ್ಲಿ ಕೇಳಿ ಪಡೆಯುವುದು ಕ್ಷೇಮ. ಬಾಯಿಮಾತಿನ ಭರವಸೆ ಮುಂದೆ ಯಾರ ಕೈಯನ್ನೂ ಹಿಡಿಯುವುದಿಲ್ಲ.

ಹಾವೇರಿ ಪಟ್ಟಣದ ಮಟ್ಟಿಗೆ ಈ ಮಾತು ಪುರಸಿದ್ಧೇಶ್ವರನ ಸುತ್ತಲಿನ ಓಣಿಗಳಿಗೆ ಅನ್ವಯಿಸುತ್ತದೆ. ಹಳ್ಳಿಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಯನ್ನು ಸೇರುವಲ್ಲಿ ಗಳಗೇಶ್ವರನ ಗುಡಿ ಇದೆ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ಹೊಳೆಯ ದಂಡೆಗೇ ಮುಕ್ತೇಶ್ವರ ನಿಂತಿದ್ದಾನೆ. ಎರಡೂ ಕಡೆ ಊರು ಸಣ್ಣದು, ಗುಡಿಗೆ ಒತ್ತಿಕೊಂಡಂತೆ ಬೆಳೆದದ್ದು. ನೂರು ಮೀಟರ್, ಮುನ್ನೂರು ಮೀಟರ್ ಎಂದು ವೃತ್ತ ಎಳೆದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಜನರ ಮನೆಗಳೇ ಅದರೊಳಗೆ ಬೀಳುತ್ತವೆ. ಹೊಳೆಗೆ ನೆರೆ ಬಂದ ವರ್ಷ ಗೋಡೆ ಕುಸಿದವರಿಗೆ ಈ ವೃತ್ತ ಎಷ್ಟು ಸಂಕಟ ತರುತ್ತದೆಂದು ಊಹಿಸುವುದು ಕಷ್ಟವಲ್ಲ.

ಅರ್ಜಿ ಹೋಗಬೇಕಾದದ್ದು ಸಕ್ಷಮ ಪ್ರಾಧಿಕಾರಕ್ಕೆ. ಕರ್ನಾಟಕದಲ್ಲಿ ಆ ಹೊಣೆ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರದು. ಅರ್ಜಿ ಕೈಸೇರಿದ 15 ದಿನದೊಳಗೆ ಅವರು ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ತಿಳಿಸಬೇಕು. ಅದು ಬಂದ ಒಂದು ತಿಂಗಳಲ್ಲಿ ಸಕ್ಷಮ ಪ್ರಾಧಿಕಾರ ಹೌದು ಅಥವಾ ಇಲ್ಲ ಎಂದು ಹೇಳಬೇಕು. ಎಲ್ಲವೂ ಕಾಯ್ದೆ ಹೇಳಿದ ಅವಧಿಯಲ್ಲೇ ನಡೆದರೂ ಮೂರೂವರೆ ತಿಂಗಳು. ದೀಪಾವಳಿ ಮುಗಿಯುತ್ತಲೇ ಅರ್ಜಿ ಹಾಕಿದವರಿಗೆ ಶಿವರಾತ್ರಿ ಹೊತ್ತಿಗೆ ಉತ್ತರ ಬಂದರೆ ಬೇಸಿಗೆಯಲ್ಲಿ ಕೆಲಸ ಹಿಡಿದು ಮುಂಗಾರಿಗೆ ಮುಂಚೆ ಮೇಲ್ಛಾವಣಿ ಹಾಕಬಹುದು. ಯುಗಾದಿಗೆ ಅರ್ಜಿ ಹಾಕಿದವರ ಸಾಮಾನು ಮಳೆಯಲ್ಲಿ ನೆನೆಯುತ್ತದೆ. ಅರ್ಜಿ ಹಾಕಲು ಪ್ರಾಧಿಕಾರ ಆನ್‌ಲೈನ್ ವ್ಯವಸ್ಥೆಯನ್ನೂ ಮಾಡಿದೆ. ಒಪ್ಪಿಗೆ ಬಂದ ಮೇಲೆ ಅದರಲ್ಲಿರುವ ಷರತ್ತುಗಳನ್ನು ಮನೆಯ ಯಜಮಾನರೂ ಗೌಂಡಿಯೂ ಕೂತು ಓದಬೇಕು. ಮನೆ ಕಟ್ಟುವ ಪರವಾನಿಗೆಯನ್ನು ನಗರಸಭೆ, ಪುರಸಭೆ ಇಲ್ಲವೇ ಗ್ರಾಮ ಪಂಚಾಯಿತಿಯಿಂದ ಬೇರೆಯಾಗಿ ಪಡೆಯಬೇಕು. ಒಂದು ಕಾಗದ ಇನ್ನೊಂದರ ಬದಲಿಗೆ ನಡೆಯುವುದಿಲ್ಲ. ಹಾಗೆಯೇ ಎಲ್ಲ ಹಳೆಯ ಗುಡಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. 1961ರ ರಾಜ್ಯ ಕಾಯ್ದೆಯಡಿ ಸಂರಕ್ಷಿತವಾದವುಗಳೂ ಇವೆ. ನಿಮ್ಮ ಓಣಿಯ ಗುಡಿ ಯಾವ ಪಟ್ಟಿಗೆ ಸೇರಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಇಷ್ಟೆಲ್ಲ ಕಟ್ಟುಪಾಡು ಏಕೆ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಪುರಸಿದ್ಧೇಶ್ವರದ ಗೋಡೆಯ ಹತ್ತಿರ ಹೋಗಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ, ಪಶ್ಚಿಮಕ್ಕೆ ಮುಖ ಮಾಡಿದ ಈ ಗುಡಿ ಬಳಪದ ಕಲ್ಲಿನದು. ಉಳಿಗೆ ಮೆತ್ತಗೆ ಒಗ್ಗುವ ಕಲ್ಲಾದ್ದರಿಂದಲೇ ಶಿಲ್ಪಿಗೆ ಅದರಲ್ಲಿ ಅಷ್ಟು ಸೂಕ್ಷ್ಮವಾಗಿ ಕೆತ್ತಲು ಸಾಧ್ಯವಾಯಿತು. ಅದೇ ಮೆದುತನದಿಂದ ಅದಕ್ಕೆ ಗೀರು ಬೀಳುವುದೂ ಬೇಗ. ಪಕ್ಕದಲ್ಲಿ ಟಿಪ್ಪರ್ ಹಿಂದಕ್ಕೆ ಬರುವಾಗ ಮೂಲೆ ತಾಗಿದರೆ ಒಂಬೈನೂರು ವರ್ಷದ ಕೆಲಸ ಉದುರುತ್ತದೆ, ಮತ್ತೆ ಕೂಡುವುದಿಲ್ಲ. ಕಣ್ಣಿಗೆ ಕಾಣದ ಅಪಾಯ ನೀರಿನದು. ಓಣಿಯಲ್ಲಿ ಸುರಿದ ಮಣ್ಣು, ಗಾರೆ, ಇಟ್ಟಿಗೆ ಚೂರು ಮೊದಲ ಮಳೆಗೇ ಗಟಾರ ಸೇರುತ್ತವೆ. ಗಟಾರ ಕಟ್ಟಿದರೆ ನೀರು ತಗ್ಗಿನ ಕಡೆ ಹರಿದು ನಿಲ್ಲುತ್ತದೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ವರ್ಷ ವರ್ಷ ಹೀಗೆ ಉಬ್ಬಿ ಬಿರಿಯುವ ನೆಲದ ಮೇಲೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಕಟ್ಟಡ ಎಷ್ಟು ದಿನ ನೆಟ್ಟಗೆ ನಿಂತೀತು? ಗುಡಿಯ ಹತ್ತಿರದ ಓಣಿಯಲ್ಲಿ ಒಂದು ಟ್ರೇಲರ್ ಮಣ್ಣು ಎಲ್ಲಿ ಬೀಳುತ್ತದೆ ಎಂಬುದು ಅದಕ್ಕಾಗಿಯೇ ಸಣ್ಣ ವಿಷಯವಲ್ಲ.

ಒಂದು ಟ್ರೇಲರ್ ಎಂದೆ. ನಿಜವಾಗಿ ಎಷ್ಟು ಟ್ರೇಲರ್ ಎಂದು ಯಾರೂ ಮೊದಲೇ ಲೆಕ್ಕ ಹಾಕುವುದಿಲ್ಲ. ಹಾಕಿ ನೋಡೋಣ. ನಮ್ಮ ಕಡೆಯ ಹಳೆಯ ಮಣ್ಣಿನ ಮನೆಯ ಗೋಡೆ ಎರಡು ಅಡಿ ದಪ್ಪ, ಹತ್ತು ಅಡಿ ಎತ್ತರ ಎಂದಿಟ್ಟುಕೊಳ್ಳಿ. ಹೊರಗೋಡೆ, ನಡುಗೋಡೆ ಎಲ್ಲ ಸೇರಿ ಉದ್ದ ನೂರು ಅಡಿ. ಎರಡು ಸಾವಿರ ಘನ ಅಡಿ ಆಯಿತು, ಸುಮಾರು 57 ಘನ ಮೀಟರ್. ಒತ್ತಿ ಕೂತ ಮಣ್ಣು ಘನ ಮೀಟರಿಗೆ 1.7 ಟನ್ ತೂಗುತ್ತದೆಂದರೆ ಗೋಡೆಯೊಂದೇ 95 ಟನ್ ಮುಟ್ಟುತ್ತದೆ. ಮಾಳಿಗೆಯ ಮೇಲೆ ಆರುನೂರು ಚದರ ಅಡಿಗೆ ಒಂಬತ್ತು ಇಂಚು ಮಣ್ಣು ಹಾಕಿದ್ದರೆ ಅದೂ 20 ಟನ್ ಆಸುಪಾಸು. ಒಂದು ಟ್ರೇಲರಿಗೆ ಮೂರು ನಾಲ್ಕು ಟನ್ ಹಿಡಿದರೂ ಮೂವತ್ತಕ್ಕೂ ಹೆಚ್ಚು ಟ್ರಿಪ್ಪು. ತೊಲೆ, ಜಂತಿ, ಬುನಾದಿಯ ಕಲ್ಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಇದು ದೊಡ್ಡ ವಾಡೆಯ ಲೆಕ್ಕವಲ್ಲ, ಸಾಧಾರಣ ಕುಟುಂಬದ ಮನೆಯದು.

ಈ ಲೆಕ್ಕಕ್ಕೆ ಕಾನೂನಿನಲ್ಲೂ ಅರ್ಥವಿದೆ. ಕಟ್ಟಡ ಮತ್ತು ಕೆಡವಿದ ತ್ಯಾಜ್ಯಕ್ಕೆಂದೇ ಕೇಂದ್ರ ಸರ್ಕಾರ 2016ರಲ್ಲಿ ಪ್ರತ್ಯೇಕ ನಿಯಮ ತಂದಿತು. ದಿನಕ್ಕೆ 20 ಟನ್, ಇಲ್ಲವೇ ಒಂದು ಕಾಮಗಾರಿಯಿಂದ ತಿಂಗಳಿಗೆ 300 ಟನ್ ತ್ಯಾಜ್ಯ ಬರುವುದಾದರೆ, ಕಾಂಕ್ರೀಟು, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಎಂದು ನಾಲ್ಕು ಭಾಗ ಮಾಡಿಡಬೇಕು, ವಿಲೇವಾರಿ ಯೋಜನೆ ಬರೆದು ಕೆಲಸ ಶುರುವಾಗುವ ಮುಂಚೆ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಪಡೆಯಬೇಕು, ವಿಲೇವಾರಿಯ ಖರ್ಚು ಭರಿಸಬೇಕು ಎಂದು ಆ ನಿಯಮ ಹೇಳಿತು. ದಿನಕ್ಕೆ 20 ಟನ್ ಎಂಬುದು ದೊಡ್ಡ ನಗರದ ಬಿಲ್ಡರುಗಳಿಗಿಟ್ಟ ಮಿತಿಯಂತೆ ಕಾಣುತ್ತದೆ. ಆದರೆ ಜೆಸಿಬಿ ತಂದು ಒಂದೇ ದಿನಕ್ಕೆ ಮಣ್ಣಿನ ಮನೆ ಕೆಡವಿದರೆ ಮಧ್ಯಾಹ್ನದೊಳಗೇ ಆ ಗೆರೆ ದಾಟುತ್ತದೆ. 2025ರಲ್ಲಿ ಹೊಸ ನಿಯಮ ಪ್ರಕಟವಾಗಿದೆ, ಅದರ ಜಾರಿಗೆ ಗೊತ್ತು ಮಾಡಿದ ದಿನ 2026ರ ಏಪ್ರಿಲ್ 1. ತ್ಯಾಜ್ಯದ ಮರುಬಳಕೆಯ ಹೊಣೆಯನ್ನು ಅದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳ ಮೇಲೆ ಹೊರಿಸುತ್ತದೆ. ನಮ್ಮ ಊರುಗಳ ಮನೆಗಳು ಆ ಅಳತೆಗೆ ಹತ್ತಿರವೂ ಬರುವುದಿಲ್ಲ. ಆದ್ದರಿಂದ ಸಾಮಾನ್ಯ ಮನೆಯವರ ಪಾಲಿಗೆ ಕೊನೆಯ ಮಾತು ಸ್ಥಳೀಯ ಸಂಸ್ಥೆಯದೇ, ಅದನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಬೇಕು.

2016ರ ನಿಯಮದಲ್ಲಿ ನಾಗರಿಕರ ಹೊಣೆಯ ಜೊತೆಗೇ ಸ್ಥಳೀಯ ಸಂಸ್ಥೆಯ ಹೊಣೆಯನ್ನೂ ಬರೆದಿದ್ದರು. ತ್ಯಾಜ್ಯ ಹಾಕಲು ತಕ್ಕ ಕಂಟೇನರುಗಳನ್ನು ಇಡಬೇಕು, ತುಂಬಿದಂತೆ ಎತ್ತಬೇಕು, ತಾನೇ ಆಗಲಿ ಖಾಸಗಿಯವರಿಂದಾಗಲಿ ಈ ಕೆಲಸ ನಡೆಸಬೇಕು ಎಂದು. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಮನೆ ರಿಪೇರಿ ಹಿಡಿದವರು ದೊಡ್ಡ ಕಬ್ಬಿಣದ ಡಬ್ಬಿ ಬಾಡಿಗೆಗೆ ತಂದು ಬಾಗಿಲ ಮುಂದೆ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಇಂಗ್ಲೆಂಡಿನ 1980ರ ಹೆದ್ದಾರಿ ಕಾಯ್ದೆಯ ಪ್ರಕಾರ ಅದನ್ನು ರಸ್ತೆಯ ಮೇಲಿಡಲು ಅನುಮತಿ ಬೇಕು, ಕತ್ತಲಾದ ಮೇಲೆ ಅದರ ಮೇಲೆ ದೀಪ ಉರಿಯಬೇಕು, ಮಾಲೀಕರ ಹೆಸರು ಮತ್ತು ಫೋನ್ ನಂಬರ್ ಅಥವಾ ವಿಳಾಸ ಅಳಿಸದಂತೆ ಬರೆದಿರಬೇಕು, ತುಂಬಿದ ಕೂಡಲೇ ಒಯ್ಯಬೇಕು. ಇಷ್ಟೇ ನಿಯಮ. ಇವುಗಳಲ್ಲಿ ನಮ್ಮ ಓಣಿಯಲ್ಲಿ ಮಾಡಲಾಗದ್ದು ಒಂದೂ ಇಲ್ಲ. ಟ್ರೇಲರಿನ ಹಿಂದೆ ಒಂದು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಮಾಲೀಕರ ನಂಬರ್ ಬರೆದು, ರಾತ್ರಿ ಒಂದು ಬಲ್ಬು ಹಾಕಲು ಸರ್ಕಾರದ ದೊಡ್ಡ ಯೋಜನೆ ಬೇಕಿಲ್ಲ. ಬೀದಿದೀಪವಿಲ್ಲದ ಓಣಿಯಲ್ಲಿ ರಾತ್ರಿ ನಿಂತ ಟ್ರೇಲರಿಗೆ ಬೈಕು ಗುದ್ದಿ ಸತ್ತವರ ಸುದ್ದಿ ಓದಿ ಮರುಗಿದವರಿಗೆ ಈ ದೀಪದ ಬೆಲೆ ಗೊತ್ತು.

ನಮ್ಮಲ್ಲಿ ರಸ್ತೆಯ ಮೇಲೆ ಮರಳು, ಜಲ್ಲಿ, ಅವಶೇಷ ಹಾಕಲು ಸ್ಥಳೀಯ ಸಂಸ್ಥೆಯ ಒಪ್ಪಿಗೆ ಬೇಕು ಎಂಬುದು ಹೊಸ ಮಾತಲ್ಲ. ಸಾರ್ವಜನಿಕ ದಾರಿಗೆ ಅಡ್ಡಿ ಅಪಾಯ ಒಡ್ಡುವುದು ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಡಿ ಅಪರಾಧ. ಹಳೆಯ ದಂಡಸಂಹಿತೆಯಲ್ಲಿ 200 ರೂಪಾಯಿ ಇದ್ದ ದಂಡದ ಮಿತಿ ಈಗ 5,000 ರೂಪಾಯಿ.

ಬ್ಯಾಡಗಿಯಲ್ಲಿ ಈ ರಸ್ತೆಯ ಪ್ರಶ್ನೆಗೇ ತೂಕ ಹೆಚ್ಚು. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಸುಗ್ಗಿಯಲ್ಲಿ ಹಿಂದಿನ ರಾತ್ರಿಯಿಂದಲೇ ಚೀಲ ಹೊತ್ತ ಲಾರಿಗಳು ಊರು ಹೊಗುತ್ತವೆ. ಅದೇ ತಿಂಗಳುಗಳಲ್ಲಿ ಜನ ಮನೆ ಕೆಡವುವುದೂ ನಡೆಯುತ್ತದೆ, ಬೇಸಿಗೆಯಾದ್ದರಿಂದ. ಪಟ್ಟಣದೊಳಗೆ ಹಾಯುವ ಮುಖ್ಯರಸ್ತೆಯ ವಿಸ್ತರಣೆಗಾಗಿ ಎಷ್ಟು ವರ್ಷ ಹೋರಾಟ ನಡೆದಿದೆ ಎಂಬುದು ಊರಿಗೆಲ್ಲ ಗೊತ್ತು. ಅಂಥ ಇಕ್ಕಟ್ಟಿನಲ್ಲಿ ವಾರದ ಆ ಎರಡು ದಿನ ಬಿಟ್ಟು ಉಳಿದ ದಿನ ಮಾತ್ರ ಅವಶೇಷದ ಗಾಡಿ ಓಡಿಸಬೇಕು ಎಂಬ ಒಂದು ಸಾಲನ್ನು ಪುರಸಭೆ ತನ್ನ ಪರವಾನಿಗೆಯಲ್ಲಿ ಸೇರಿಸಿದರೆ ಸಾಕು, ಬಹಳ ಜನರ ಬವಣೆ ಕಳೆಯುತ್ತದೆ. ಮಣ್ಣು ತುಂಬಿದ ಟ್ರೇಲರಿಗೆ ತಾಡಪಾಲು ಹೊದಿಸುವುದನ್ನೂ ಕಡ್ಡಾಯ ಮಾಡಬೇಕು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿಯ ಚೀಲದ ಮೇಲೆ ಹಳೆಮನೆಯ ಸುಣ್ಣದ ಧೂಳು ಕೂರುವುದು ರೈತರಿಗೂ ಬೇಡ, ದಲಾಲರಿಗೂ ಬೇಡ.

ಇನ್ನು ಮೂರನೆಯ ಬಾಗಿಲು. ಟ್ರೇಲರ್ ತುಂಬಿದ ಮೇಲೆ ನಡೆಯುವ ಮಾತುಕತೆ ಎಲ್ಲ ಊರಿನಲ್ಲೂ ಒಂದೇ ತರಹ.

"ಎಲ್ಲಿ ಹಾಕ್ಲಿರೀ ಯಜಮಾನ್ರ?"

"ಎಲ್ಲ್ಯಾರ ಹಾಕಪಾ ತಮ್ಮಾ, ಊರ ಹೊರಗ ತಗ್ಗೇನ್ ಕಡಿಮಿ ಅದಾವ?"

ಆ ತಗ್ಗು ಬಹಳ ಸಲ ಕೆರೆಯ ಅಂಗಳವೋ ಹಳ್ಳದ ದಂಡೆಯೋ ಆಗಿರುತ್ತದೆ. ಹಾವೇರಿಗೆ ಹೆಗ್ಗೇರಿ ಕೆರೆ ಇದೆ, ರಾಣೆಬೆನ್ನೂರಿಗೆ ದೊಡ್ಡಕೆರೆ ಇದೆ. ಕೆರೆಗೆ ಅವಶೇಷ ಸುರಿಯುವುದನ್ನು 2014ರ ಕೆರೆ ಸಂರಕ್ಷಣೆ ಕಾಯ್ದೆ ನಿಷೇಧಿಸಿದೆ. ಹೊಣೆ ಟ್ರ್ಯಾಕ್ಟರ್ ಓಡಿಸುವ ಹುಡುಗನ ತಲೆಗೆ ಕಟ್ಟಿ ಮನೆಯ ಯಜಮಾನರು ನೆಮ್ಮದಿಯಿಂದ ಇರುವುದು ಸರಿಯಲ್ಲ. ತ್ಯಾಜ್ಯ ಯಾರ ಮನೆಯದೋ ಅವರದೇ ಅದರ ಹೊಣೆ ಎನ್ನುತ್ತದೆ ನಿಯಮ. ಇನ್ನೊಂದು ಸಂಗತಿ, ಬಾಡಿಗೆ ಮಾತಾಡುವಾಗ ಟ್ರ್ಯಾಕ್ಟರಿನ ಕಾಗದ ನೋಡಿ. ಕೃಷಿ ಬಳಕೆಗೆಂದು ನೋಂದಣಿಯಾಗಿ, ಅದಕ್ಕೆಂದೇ ವಿಮೆ ಮಾಡಿಸಿದ ಗಾಡಿ ಬಾಡಿಗೆ ಹೇರಿನಲ್ಲಿದ್ದಾಗ ಅಪಘಾತವಾದರೆ ವಿಮಾ ಕಂಪನಿ ಕೈ ತೊಳೆದುಕೊಳ್ಳಲು ದಾರಿ ಸಿಗುತ್ತದೆ. ಆಗ ಪರಿಹಾರದ ಭಾರ ಬೀಳುವುದು ಬಡವರ ಮೇಲೆ.

ಮಣ್ಣಿನ ಮನೆಯ ಅವಶೇಷದ ವಿಷಯದಲ್ಲಿ ಒಂದು ಒಳ್ಳೆಯ ಸಂಗತಿಯೂ ಇದೆ. ಹಳೆಯ ಗೋಡೆಯ ಮಣ್ಣನ್ನು ನಮ್ಮ ರೈತರು ಹಾಳುಮಣ್ಣು ಎಂದು ಹೊಲಕ್ಕೆ ಹೇರಿಸಿಕೊಳ್ಳುವುದು ತಲೆಮಾರುಗಳ ರೂಢಿ. ಸಿಮೆಂಟು, ಪ್ಲಾಸ್ಟಿಕ್, ಗಾಜು ಬೆರೆಯದಂತೆ ಕೈಯಿಂದ ಬಿಚ್ಚಿದರೆ ಮಣ್ಣು ಹೊಲಕ್ಕೆ ಹೋಗುತ್ತದೆ, ಕಲ್ಲು ಹೊಸ ಬುನಾದಿಗೆ ಬರುತ್ತದೆ, ತೊಲೆ ಜಂತಿ ಮರುಬಳಕೆಯಾಗುತ್ತವೆ. ಹೊರಗೆ ಒಯ್ದು ಎಸೆಯಬೇಕಾದದ್ದು ಬಹಳ ಸ್ವಲ್ಪ ಉಳಿಯುತ್ತದೆ. ಕಾಂಕ್ರೀಟಿನ ಚೂರಿಗೂ ದಾರಿ ಇದೆ. 2016ರ ಭಾರತೀಯ ಮಾನಕ ಐಎಸ್ 383 ಪ್ರಕಾರ ಮರುಬಳಕೆಯ ಜಲ್ಲಿಯನ್ನು ಕಬ್ಬಿಣ ಹಾಕದ ಕಾಂಕ್ರೀಟಿನಲ್ಲಿ ಶೇ 25ರವರೆಗೆ, ಎಂ-25ರವರೆಗಿನ ಕಬ್ಬಿಣದ ಕಾಂಕ್ರೀಟಿನಲ್ಲಿ ಶೇ 20ರವರೆಗೆ ಬೆರೆಸಬಹುದು. ಜೆಸಿಬಿ ಒಮ್ಮೆ ಬಾಯಿ ಹಾಕಿತೆಂದರೆ ಮಣ್ಣು, ಹೆಂಚು, ವೈರು, ಗಾಜು ಎಲ್ಲ ಒಂದೇ ರಾಶಿ. ಆ ರಾಶಿಯನ್ನು ಯಾವ ರೈತರೂ ಹೊಲಕ್ಕೆ ಬಿಟ್ಟುಕೊಳ್ಳುವುದಿಲ್ಲ.

ಹಾಳುಮಣ್ಣಿಗಾಗಿ ಹಳೆಯ ದಿಬ್ಬಗಳನ್ನು ಅಗೆಯುವುದು ಮಾತ್ರ ಬೇಡ. ಇದೇ ಜಿಲ್ಲೆಯ ಹಳ್ಳೂರಿನಲ್ಲಿ ತುಂಗಭದ್ರೆಯ ದಂಡೆಯ ನೆಲವನ್ನು ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ಮಾಡಿದಾಗ ನೂತನ ಶಿಲಾಯುಗದಿಂದ ಕಬ್ಬಿಣದ ಕಾಲದವರೆಗಿನ ಬದುಕು ಪದರ ಪದರವಾಗಿ ಸಿಕ್ಕಿತು. ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆ ಎಷ್ಟು ಹಳೆಯದು ಎಂಬ ಚರ್ಚೆಯಲ್ಲಿ ಹಳ್ಳೂರನ್ನು ಬಿಟ್ಟು ಮಾತಾಡುವಂತಿಲ್ಲ. ಅಂಥ ಮಣ್ಣು ಟ್ರೇಲರಿನಲ್ಲಿ ಹೋಗಿಬಿಟ್ಟರೆ ಪದರ ಕಲಸಿ ಹೋಗುತ್ತದೆ, ಆಮೇಲೆ ಯಾವ ವಿದ್ವಾಂಸರೂ ಅದನ್ನು ಓದಲಾರರು.

ಮನೆಯ ಬುನಾದಿಯಲ್ಲೂ ಇಂಥ ಸಂದರ್ಭ ಬರುತ್ತದೆ. ಅಂಗಳದಲ್ಲಿ ಮುಚ್ಚಿಹೋದ ಹಗೇವು ಬಾಯಿ ಬಿಡಬಹುದು. ಜೋಳ ತುಂಬಿಡುತ್ತಿದ್ದ ಆ ಹಗೇವಿನ ಮೇಲೆ ಟ್ರ್ಯಾಕ್ಟರ್ ನಿಂತರೆ ಗಾಲಿ ಕುಸಿಯುತ್ತದೆ, ಮನೆಯ ಹಿರಿಯರನ್ನು ಕೇಳಿ ಜಾಗ ಗುರುತಿಸಿಟ್ಟುಕೊಳ್ಳಿ. ಮೆಟ್ಟಿಲಾಗಿ ಹಾಸಿದ್ದ ಕಲ್ಲು ತಿರುವಿ ಹಾಕಿದಾಗ ಶಾಸನವೋ ವೀರಗಲ್ಲೋ ಕಂಡರೆ ಕೆಲಸ ನಿಲ್ಲಿಸಿ ತಹಸೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು. ನೆಲದಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ತಿಳಿಸುವುದು ನಿಧಿ ಕಾಯ್ದೆಯ ಪ್ರಕಾರವೂ ಕರ್ತವ್ಯ. ನೂರು ವರ್ಷ ದಾಟಿದ ಕೆತ್ತನೆಯ ತೊಲಬಾಗಿಲು, ಬೋದಿಗೆ, ಕಂಬ ಇವೂ ಹಾಗೆ. ಕಟ್ಟಡದಿಂದ ಬಿಡಿಸಿದ, ಶತಮಾನ ಕಂಡ ವಸ್ತುವನ್ನು 1972ರ ಕಾಯ್ದೆ ಪುರಾತನ ವಸ್ತು ಎಂದೇ ಪರಿಗಣಿಸುತ್ತದೆ. ಅಂಥವುಗಳ ವ್ಯಾಪಾರ ಮಾಡುವವರ ಬಳಿ ಲೈಸೆನ್ಸ್ ಇರಬೇಕು, ದೇಶದ ಹೊರಗೆ ಸಾಗಿಸುವಂತಿಲ್ಲ. ಹಳೆ ಕಟ್ಟಿಗೆಯ ರೇಟಿಗೆ ತೂಕ ಹಾಕಿ ಕೊಡುವ ಮುಂಚೆ ಅದರ ವಯಸ್ಸು ವಿಚಾರಿಸಿ.

ನೂರು ಮೀಟರಿನ ನಿಯಮದ ವಿರುದ್ಧ ಜನರಿಗಿರುವ ಸಿಟ್ಟನ್ನು ನಾನು ತಳ್ಳಿಹಾಕುವುದಿಲ್ಲ. ಮೂರು ಕಂಬ ಉಳಿದ ಮಂಟಪಕ್ಕೂ ತಾಜಮಹಲಿಗೂ ಒಂದೇ ಅಳತೆ ಹಿಡಿಯುವುದು ಸರಿಯಲ್ಲ. ಸಂಸತ್ತಿನ ಸ್ಥಾಯಿ ಸಮಿತಿಯೂ 2023ರಲ್ಲಿ ಇದನ್ನೇ ಎತ್ತಿ, ಇಡೀ ಹಳ್ಳಿಗಳೇ ಈ ವೃತ್ತದೊಳಗೆ ಸಿಕ್ಕು ಸಣ್ಣ ರಿಪೇರಿಗೂ ಪರದಾಡುತ್ತಿವೆ ಎಂದಿತು. 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿದ ತಿದ್ದುಪಡಿ ಮಸೂದೆ ಮಾತ್ರ ಬೇರೆ ದಿಕ್ಕಿನದು. ಸರ್ಕಾರದ ಸಾರ್ವಜನಿಕ ಕಾಮಗಾರಿಗಳಿಗೆ ನಿಷೇಧಿತ ಪ್ರದೇಶದಲ್ಲಿ ದಾರಿ ಬಿಡುವುದು ಅದರ ಉದ್ದೇಶವಾಗಿತ್ತು. ಅದು ರಾಜ್ಯಸಭೆಯಲ್ಲಿ ಆಯ್ಕೆ ಸಮಿತಿಗೆ ಹೋಯಿತು, ಕಾನೂನಾಗಲಿಲ್ಲ. ಗುಡಿಯ ಮಗ್ಗುಲಲ್ಲೇ ಹುಟ್ಟಿ ಬೆಳೆದ ಕುಟುಂಬದ ಸೋರುವ ಮಾಳಿಗೆಗಿಂತ ಮೇಲ್ಸೇತುವೆ ಮೊದಲು ನೆನಪಾಗುವುದು ನನಗೆ ನೋವು ತರುತ್ತದೆ. ಪ್ರತಿ ಸ್ಮಾರಕಕ್ಕೂ ಅದರ ಪರಿಸರಕ್ಕೆ ತಕ್ಕ ಉಪವಿಧಿ ರೂಪಿಸಬೇಕೆಂದು 2010ರ ತಿದ್ದುಪಡಿಯೇ ಹೇಳಿದೆ. ಗಳಗನಾಥ, ಚೌಡಯ್ಯದಾನಪುರದಂಥ ಊರುಗಳ ಗ್ರಾಮಸಭೆಗಳು ಅದಕ್ಕೆ ಒತ್ತಾಯಿಸಿ ಠರಾವು ಮಾಡಿ ಕಳಿಸಬೇಕು. ಯಾವ ಓಣಿಯಲ್ಲಿ ಎಷ್ಟು ಎತ್ತರ ಗುಡಿಗೆ ತೊಂದರೆ ಕೊಡುವುದಿಲ್ಲ ಎಂದು ಅಲ್ಲಿನವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅಲ್ಲಿಯವರೆಗೆ ಸ್ಥಳೀಯ ಸಂಸ್ಥೆಗಳು ದೆಹಲಿಯನ್ನು ಕಾಯದೆ ಮಾಡಬಹುದಾದ ಕೆಲಸಗಳಿವೆ. ಹಾವೇರಿ ನಗರಸಭೆಯ ಕಟ್ಟಡ ಪರವಾನಿಗೆಯ ಕೌಂಟರಿನ ಗೋಡೆಗೆ ಪುರಸಿದ್ಧೇಶ್ವರನ ಸುತ್ತಲಿನ ಎರಡು ವೃತ್ತ ಎಳೆದ ದೊಡ್ಡ ನಕ್ಷೆ, ಓಣಿಗಳ ಹೆಸರು ಬರೆದು, ತೂಗುಹಾಕಬೇಕು. ಆ ಎರಡು ಗ್ರಾಮಗಳ ಪಂಚಾಯಿತಿ ಕಚೇರಿಯಲ್ಲೂ ಅಂಥದೇ ನಕ್ಷೆ ಇರಬೇಕು. ರಾಣೆಬೆನ್ನೂರು 2011ರ ಜನಗಣತಿಯಲ್ಲೇ ಲಕ್ಷ ದಾಟಿದ ಊರು. ಅವಶೇಷ ಸುರಿಯುವ ಒಂದು ಅಧಿಕೃತ ಜಾಗ, ಬಾಡಿಗೆಗೆ ಸಿಗುವ ನಾಲ್ಕಾರು ಕಂಟೇನರು, ಅವುಗಳ ದಿನದ ದರದ ಪಟ್ಟಿ, ಇಷ್ಟು ಅಲ್ಲಿನ ನಗರಸಭೆಗೆ ನಿಲುಕದ ಸಂಗತಿಯಲ್ಲ. ಬ್ಯಾಡಗಿ ಪುರಸಭೆ ಅದನ್ನೇ ಸಣ್ಣ ಪ್ರಮಾಣದಲ್ಲಿ ಮಾಡಬಹುದು. ಕೆಡವುವ ಅರ್ಜಿಯ ನಮೂನೆಯಲ್ಲಿ ಎರಡು ಪ್ರಶ್ನೆ ಸೇರಿಸಲಿ: ಹತ್ತಿರದ ಸಂರಕ್ಷಿತ ಸ್ಮಾರಕ ಎಷ್ಟು ದೂರ, ಅವಶೇಷ ಎಲ್ಲಿಗೆ ಹೋಗುತ್ತದೆ. ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆದಾಗ ಈ ಓಣಿಗಳ ಜನ ಹೋಗಿ ನಕ್ಷೆಗೂ ಕಂಟೇನರಿಗೂ ಹಣ ಇಡುವಂತೆ ಕೇಳಬೇಕು, ಸಭೆಯ ನಡಾವಳಿಯಲ್ಲಿ ಅದು ದಾಖಲಾಯಿತೇ ಎಂದು ನೋಡಿಯೇ ಬರಬೇಕು.